ಬಿಚ್ಚದ ಹಗ್ಗ

ಪೆನ್ಸಿಲಮ್ಮಾ,

ಇದನ್ನು ಅಂಚೆಗೆ ಹಾಕುವುದಿಲ್ಲ, ಗಾಬರಿಯಾಗಬೇಡ. ಇವತ್ತು ಗ್ರಂಥಾಲಯದಲ್ಲಿ ಜನಸಾಮಾನ್ಯರಿಗೆ ನಮ್ಮ ಗಂಟುಗಳ ಗಣಿತ ಹೇಳಲು ಹೋಗಿದ್ದೆ. ಕೆಲವು ಸಿಕ್ಕುಗಳನ್ನು ಬಿಡಿಸುವ ಮುಂಚೆ ಎಷ್ಟು ಹೆಚ್ಚು ಸಿಕ್ಕು ಮಾಡಬೇಕಾಗುತ್ತದೆ ಎಂಬ ಪ್ರಮೇಯ, ನಾವಿಬ್ಬರೂ ಶುರು ಮಾಡಿದ್ದು, ನೀನು ನನ್ನ ಜೊತೆ ಮಾತು ಬಿಟ್ಟ ಮೇಲೆ ನಾನೊಬ್ಬಳೇ ಮುಗಿಸಿದ್ದು.

ತುದಿಗೆ ತುದಿ ಹೊಲಿದ ಹಗ್ಗವೊಂದನ್ನು ಕೊಟ್ಟು, "ಕತ್ತರಿಸದೆ ಬಿಡಿಸಿ, ಬಳೆ ಆಗುತ್ತೆ" ಎಂದೆ. ಮುಂದಿನ ಸಾಲಿನವರೆಲ್ಲ ಬೆವರಿದರು. ಕೊನೆಗೆ ಬಸ್ ಚಾಲಕರೊಬ್ಬರು, "ಮೇಡಂ, ಇದು ಜಪ್ಪಯ್ಯ ಅಂದ್ರೂ ಬಿಚ್ಚಲ್ಲ" ಎಂದು ಕೈಚೆಲ್ಲಿದರು.

ಇಸಿದುಕೊಂಡು ನೋಡಿದೆ. ಹೆಣೆಯುವಾಗ ಒಂದು ಕಡೆ ಮೇಲೆ ಹೋಗಬೇಕಾದ ಎಳೆಯನ್ನು ಕೆಳಗೆ ತೂರಿಸಿಬಿಟ್ಟಿದ್ದೆ. ನನ್ನ ಪ್ರತಿ ಚಿತ್ರದಲ್ಲೂ ನೀನು ಪೆನ್ಸಿಲಿನಿಂದ ಸುತ್ತು ಹಾಕುತ್ತಿದ್ದೆಯಲ್ಲ, ಅದೇ ತಪ್ಪು.

ಒಪ್ಪಿಕೊಂಡೆ, ಎಲ್ಲರೂ ನಕ್ಕರು. ಚಾಲಕರು ಮಾತ್ರ ಬಿಡಲಿಲ್ಲ. "ಬಿಚ್ಚೋದೇ ಇಲ್ಲ ಅಂತ ನಿಮಗೆ ಹೇಗೆ ಗೊತ್ತು?"

ಮೂರು ಬಣ್ಣದ ಸೀಮೆಸುಣ್ಣ ಹಿಡಿದು ಅದನ್ನೇ ಸಾಧಿಸಿ ತೋರಿಸಿದೆ. ಎಳೆಗಳು ಒಂದನ್ನೊಂದು ದಾಟುವ ಕಡೆಯಲ್ಲೆಲ್ಲ ಸೇರುವ ಮೂರು ತುಂಡುಗಳಿಗೂ ಒಂದೇ ಬಣ್ಣವಿರಬೇಕು, ಇಲ್ಲವೇ ಮೂರಕ್ಕೂ ಬೇರೆ ಬೇರೆ. ಈ ನಿಯಮ ಮುರಿಯದೆ ಈ ಗಂಟಿಗೆ ಮೂರು ಬಣ್ಣ ಹಚ್ಚಬಹುದು, ಎಷ್ಟು ಎಳೆದಾಡಿದರೂ ಆ ಗುಣ ಹೋಗುವುದಿಲ್ಲ. ಬಳೆಗೆ ಹತ್ತುವುದು ಒಂದೇ ಬಣ್ಣ. ಅವರ ಮುಖ ಅರಳಿತು. "ಹಾಗಾದ್ರೆ ನಾನು ಸೋತಿಲ್ಲ!"

ಪ್ರಮೇಯ ಹೇಳಲು ಹೊತ್ತೇ ಉಳಿಯಲಿಲ್ಲ. ಆದರೂ ಮನಸ್ಸು ತುಂಬಿದೆ ಕಣೇ.

ಮುಂದಿನ ವಾರ ಶಾಲೆಯೊಂದು ಕರೆದಿದೆ. ಈಗಷ್ಟೇ ಹೊಸ ಹಗ್ಗ ಹೆಣೆದು ಮುಗಿಸಿ, ಸರಿಯಿದೆಯೇ ಎಂದು ಎದುರಿನ ಖಾಲಿ ಕುರ್ಚಿಯ ಕಡೆ ತಿರುಗಿಸಿ ಹಿಡಿದೆ. ಅಭ್ಯಾಸಬಲ.