ಮಾಳಿಗೆಗೆ ಎಸೆಯಬೇಕಾದ ಹಲ್ಲು

ಬೆಟಗೇರಿ,
2171ನೇ ಇಸವಿ, ಫೆಬ್ರುವರಿ 30

ಚಿ. ಸೌ. ದಾಕ್ಷಾಯಣಿಗೆ,

ತಾರೀಖು ನೋಡಿ ನಗಬೇಡ. ನಮ್ಮ ಕಾಲದಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ಐದು ದಿನ ಯಾವ ತಿಂಗಳಿಗೂ ಸೇರಿದ್ದಲ್ಲ, ಊರಿಗೆಲ್ಲ ಸೂಟಿ. ನಿನ್ನನ್ನು ಹೇಗೆ ಕರೆಯಬೇಕೆಂಬುದೇ ನನಗೆ ದೊಡ್ಡ ಪೇಚಾಟವಾಯಿತು. ನೀನು ನನ್ನ ಮುತ್ತಜ್ಜನನ್ನು ಹಡೆದವಳು, ನಾನು ಕಾಲಿಗೆ ಬೀಳಬೇಕಾದ ಹಿರಿಯಳು. ಆದರೆ ಈ ಕಾಗದ ಮುಟ್ಟುವಾಗ ನಿನಗೆ ಇಪ್ಪತ್ತೊಂಬತ್ತು, ನನಗೆ ಎಪ್ಪತ್ತೊಂದು. ಆ ಮುತ್ತಜ್ಜ ಇನ್ನೂ ನಿನ್ನ ಮನೆಯ ತುಂಬ ಓಡಾಡಿಕೊಂಡು ಚಡ್ಡಿ ಒದ್ದೆ ಮಾಡುತ್ತಿರಬೇಕು. ಅದಕ್ಕೇ ಮಗಳಿಗೆ ಬರೆದಂತೆ ಬರೆಯುತ್ತಿದ್ದೇನೆ. ತಿಳಿಯದ ಶಬ್ದ ಬಂದರೆ ಹೊಟ್ಟೆಗೆ ಹಾಕಿಕೋ.

ಇದು ನಿನ್ನ ಹಿರಿಯ ಮಗಳು ಇಂಚರಳ ಜೀವದ ಮಾತು. ಅವಳ ಎಡಗೆನ್ನೆ ಇವತ್ತು ಬೆಳಿಗ್ಗೆ ಸ್ವಲ್ಪ ಊದಿದೆ, ಹೌದಲ್ಲವೇ?

ಈ ಕಾಗದ ಬಂದದ್ದು ಹಿಂದಂಚೆಯಲ್ಲಿ. ಹಿಂದಂಚೆ ಎಂದರೆ ಆಗಿಹೋದ ದಿನಗಳಿಗೆ ಕಾಗದ ಒಯ್ಯುವ ಅಂಚೆ. ಒಬ್ಬರಿಗೆ ಬದುಕಿನಲ್ಲಿ ಒಂದೇ ಕಾಗದ. ಅಲ್ಲಿ ಕೂತಿರುವ ಗುಮಾಸ್ತ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಮಿಂಚಿದ ಕೆಲಸಕ್ಕ ಚಿಂತಿ ಮಾಡಿ ಏನ್ ಫಲ ಅಜ್ಜಿ, ಮುಟ್ಟಿದ್ರ ಮುಟ್ಟತು, ಇಲ್ಲಂದ್ರ ಇಲ್ಲ” ಎಂದ. ಇವನು ಲಕೋಟೆ ಒಡೆದು ಓದುತ್ತಾನೆ ಎಂದು ನನಗೆ ಗುಮಾನಿ. ಓದಲಿ, ಅವನ ಮನೆಯಲ್ಲೂ ಮಕ್ಕಳಿದ್ದಾವು.

ಸಂಶಯ ನಮ್ಮ ಮನೆತನದ ಆಸ್ತಿ. ಅದರ ಜೊತೆ ಒಂದು ಹಿತ್ತಾಳೆಯ ಕುಂಕುಮ ಭರಣಿಯೂ ಕೈಯಿಂದ ಕೈಗೆ ಬಂದಿದೆ. ಭರಣಿಯಲ್ಲಿ ಕುಂಕುಮವಿಲ್ಲ, ಒಂದು ಹಾಲುಹಲ್ಲಿದೆ. ಅದನ್ನು ಕೊಡುವಾಗ ಪ್ರತಿಯೊಬ್ಬ ತಾಯಿಯೂ ಮಗಳಿಗೋ ಸೊಸೆಗೋ ನಿನ್ನದೇ ಮಾತು ಹೇಳಿ ಕೊಡುತ್ತಾಳೆ: “ಮಕ್ಕಳ ಬಾಯಾಗ ಮಂದಿ ಕೈ ಹಾಕಸಬ್ಯಾಡ್ರಿ.” ನೀನು ಇನ್ನೂ ಆ ಮಾತು ಆಡಿಲ್ಲ. ಆಡದೆ ಇರಲಿ ಎಂದೇ ನಾನು ಬರೆಯುತ್ತಿರುವುದು.

ನಮ್ಮಲ್ಲಿ ಮಕ್ಕಳಿರುವ ಮನೆಗೆಲ್ಲ ಊರಿನವರು ಒಂದು ಬಾಯಿಗನ್ನಡಿ ಕೊಡುತ್ತಾರೆ. ಮುಖ ತೊಳೆಯುವ ಕಡೆ ಗೋಡೆಗೆ ಕೂರಿಸಿರುತ್ತಾರೆ. ಬೆಳಿಗ್ಗೆ ಮಗು ಅದರ ಮುಂದೆ ಆ ಎಂದು ಬಾಯಿ ತೆರೆದರೆ ಕೆಟ್ಟ ಹಲ್ಲಿನ ಮೇಲೆ ಕೆಂಪು ಚುಕ್ಕೆ ಮೂಡುತ್ತದೆ, ಮಧ್ಯಾಹ್ನದೊಳಗೆ ಹಲ್ಲವ್ವ ಬಾಗಿಲಿಗೆ ಬರುತ್ತಾಳೆ. ಹಲ್ಲವ್ವ ಎಂದರೆ ಮಕ್ಕಳ ಹಲ್ಲಿನ ಡಾಕ್ಟರು. ಗಂಡಸಾದರೂ ಹೆಸರು ಅದೇ. ಊರೆಲ್ಲ ಈ ವ್ಯವಸ್ಥೆಯನ್ನು ಹಾಡಿ ಹೊಗಳುತ್ತದೆ. ನಾನು ಮಾತ್ರ ಬೆಳ್ಳಗಿರುವುದೆಲ್ಲ ಹಾಲಲ್ಲ ಎನ್ನುವವಳು. ಕರೆಯದೆ ಬರುವವರನ್ನು ಹೇಗೆ ನಂಬುವುದು? ಕನ್ನಡಿ ನಮ್ಮ ಬಾಯಿ ನೋಡುತ್ತದೆ ಸರಿ, ಅದರ ಆಚೆ ಕೂತು ನೋಡುವವರು ಯಾರು? ಕಿತ್ತ ಹಲ್ಲು ಎಲ್ಲಿಗೆ ಹೋಗುತ್ತದೆ? ಕೇಳಿದರೆ ನಗುತ್ತಾರೆ. ನಗುವವರ ಮೇಲೆ ನನಗೆ ಇನ್ನೂ ಅನುಮಾನ.

ನನ್ನ ಮೊಮ್ಮಗಳ ಹೆಸರು ತೆನೆ, ಆರು ವರ್ಷ. ಅವಳ ತಾಯಿ ಕರೆಂಟು ಹುಟ್ಟಿಸುವ ಗಾಳಿಕಂಬಗಳ ರಿಪೇರಿಗೆ ಹೋದರೆ ತಿಂಗಳುಗಟ್ಟಲೆ ಬರುವುದಿಲ್ಲ, ಕೂಸು ನನ್ನ ಹತ್ತಿರವೇ. ಹೋದ ತಿಂಗಳು ಅವಳು ಗೋಡೆಜೋಳದ ರೊಟ್ಟಿ ಬಿಟ್ಟು ಬರೀ ಅಂಬಲಿ ಕೇಳತೊಡಗಿದಳು. ಗೋಡೆಜೋಳ ಎಂದರೆ ಮನೆಯ ಹೊರಗೋಡೆಯ ಗೂಡುಗಳಲ್ಲಿ ಬೆಳೆಯುವ ಜೋಳ. ರುಚಿ ನಿಮ್ಮದರಷ್ಟಿಲ್ಲ ಎಂದು ಹಿರಿಯರು ಅನ್ನುತ್ತಿದ್ದರು. ರುಚಿಯ ತಕರಾರು ಇರಬೇಕೆಂದು ನಾನೂ ಸುಮ್ಮನಿದ್ದೆ. ಆಮೇಲೆ ಬಾಯಿ ತೆರೆಸಿ ನೋಡಿದರೆ ಎಡಗಡೆ ಕೆಳಗಿನ ದವಡೆ ಹಲ್ಲಿನಲ್ಲಿ ಕರೀ ತೂತು, ವಸಡಿನ ಮೇಲೆ ಸಾಸಿವೆ ಕಾಳಿನಷ್ಟು ಗುಳ್ಳೆ. ನಾನು ಮಾಡಿದ್ದೇನು ಗೊತ್ತೇ? ಬಾಯಿಗನ್ನಡಿಗೆ ಹಳೆಯ ಸೀರೆ ಹೊದಿಸಿದೆ. ಕೂಸಿಗೆ ನೆಗಡಿ, ಮುಖ ತೊಳೆಯುತ್ತಿಲ್ಲ ಎಂದು ಕನ್ನಡಿ ಕೊಟ್ಟವರಿಗೆ ಸುಳ್ಳು ಹೇಳಿ ಕಳಿಸಿದೆ. ತೂತಿಗೆ ಲವಂಗ ಇಟ್ಟೆ. ನೋವು ನಿಂತಿತು, ಗೆದ್ದೆ ಎಂದುಕೊಂಡೆ. ಹಲ್ಲು ಒಳಗೇ ಸತ್ತದ್ದರಿಂದ ನೋವು ನಿಂತಿತ್ತು ಎನ್ನುವುದು ನನಗೇನು ಗೊತ್ತು! ಮೂರನೇ ದಿನ ಕೆನ್ನೆ ಬಾತು, ಮೈ ಕಾದು, ಕೂಸು ನೀರು ಕುಡಿಯುವುದಕ್ಕೂ ಅಳತೊಡಗಿತು. ನಾನೇ ಸೀರೆ ಕಿತ್ತೆಸೆದು ಅವಳನ್ನು ಕನ್ನಡಿಯ ಮುಂದೆ ನಿಲ್ಲಿಸಿದೆ.

ಬಂದವಳು ಹಲ್ಲವ್ವ ಜೈನಾಬಿ. ಒಳಗೆ ಬಿಡುವ ಮುಂಚೆ ಎರಡೂ ಕೈ ತೋರಿಸು ಎಂದೆ, ಚೀಲ ಬಿಚ್ಚು ಎಂದೆ, ತೆನೆಯ ಬಾಯಲ್ಲಿ ಹಲ್ಲು ಎಷ್ಟಿವೆ ಎಂದು ಎಣಿಸಿಕೊಂಡೆ. ಅವಳು ಸಿಟ್ಟಾಗಲಿಲ್ಲ. ಅದೂ ನನಗೆ ಸರಿಬರಲಿಲ್ಲ. “ಸಂಶಯ ಇದ್ರ ಇರಲಿ ಬಿಡ್ರಿ ಅಜ್ಜಿ. ಈ ದೀಪ ಹಿಡ್ಕೊಂಡು ಇಲ್ಲೇ ಕುಂದರ್ರಿ. ನಾ ಏನ್ ಮಾಡ್ತೀನಿ, ಕಣ್ಣಾರೆ ನೋಡ್ರಿ” ಎಂದು ನನ್ನ ಕೈಗೆ ದೀಪ ಕೊಟ್ಟಳು. ನೋಡಿದೆ. ವಸಡು ಮರಗಟ್ಟಿಸಿದಳು, ಹಲ್ಲಿನ ನೆತ್ತಿ ತೆರೆದಳು, ಕೀವು ಹೊರಗೆ ಬಂತು. ಆ ನಾತ ಇನ್ನೂ ಮೂಗಿನಲ್ಲಿದೆ. ಬೇರಿನ ಒಳಗಿನ ಕೊಳೆಯನ್ನೆಲ್ಲ ತೊಳೆದು ಔಷಧ ತುಂಬಿ, ಕುಡಿಯುವ ಔಷಧ ಬೇರೆ ಕೊಟ್ಟಳು. ವಾರದ ಮೇಲೆ ಬಂದು ಹಲ್ಲಿಗೆ ಟೋಪಿ ಹಾಕಿದಳು. ಮತ್ತೆ ಎಣಿಸಿದೆ, ಹಲ್ಲು ಅಷ್ಟೇ ಇದ್ದವು. ತೆನೆ ಈಗ ರೊಟ್ಟಿಯನ್ನು ಕಟಕಟ ಕಡಿಯುತ್ತಾಳೆ. ಅವಳು ಕಡಿಯುವ ಸದ್ದು ಕೇಳಿದರೆ ನನಗೆ ಅಳು ಬರುತ್ತದೆ.

ಆವತ್ತು ಭರಣಿ ತಂದು ಜೈನಾಬಿಯ ಮುಂದಿಟ್ಟೆ, ಅವಳ ಬೆರಳಿನ ಮೇಲೆ ಒಂದು ಕಣ್ಣಿಟ್ಟೇ. ಹಲ್ಲನ್ನು ತಿರುಗಿಸಿ ನೋಡಿದಳು, ಇದು ಯಾರದೆಂದು ಕೇಳಿದಳು. ನಮ್ಮ ಮನೆಯಲ್ಲಿ ಹೇಳಿಕೊಂಡು ಬಂದದ್ದನ್ನು ಹೇಳಿದೆ. ಇಂಚರಳ ಕೆನ್ನೆ ಊದಿದಾಗ ನಿನ್ನ ಅತ್ತೆ ಹಲ್ಲಿಗೆ ಇಂಗು ಇಟ್ಟು, “ಬೀಳೂ ಹಲ್ಲಿಗೆ ಯಾಕ ಇಷ್ಟ ಗದ್ದಲ” ಎಂದರಂತೆ. ನಾಲ್ಕನೇ ದಿನ ದವಾಖಾನೆಗೆ ಒಯ್ದಿರಂತೆ. ಅಲ್ಲಿ ಸೂಜಿ ಚುಚ್ಚಿ ಹಲ್ಲು ಕಿತ್ತರಂತೆ, ಐದನೇ ದಿನ ಕೂಸು ಹೋಯಿತಂತೆ. ಬಿದ್ದ ಹಲ್ಲನ್ನು ಮಾಳಿಗೆಗೆ ಎಸೆಯುವುದು ನಮ್ಮ ಪದ್ಧತಿ. ಇದನ್ನು ಎಸೆಯುವುದಕ್ಕೆ ನಿನ್ನ ಕೈ ಬರಲಿಲ್ಲವಂತೆ. ಸೂಜಿ ಹಾಕಿದ ಕೈಯೇ ಕೊಂದಿತು ಎಂದು ನೀನು ನಂಬಿದೆ, ನಾವೆಲ್ಲ ನಂಬಿದೆವು.

ಜೈನಾಬಿ ಕರಗಿಹೋದ ಬೇರಿನ ತುದಿಯನ್ನು ನನಗೆ ತೋರಿಸಿದಳು. “ಸೂಜಿದು ತಪ್ಪಿಲ್ಲ ಅಜ್ಜಿ. ಹಲ್ಲಿನ ಕೀವು ಕುತ್ತಿಗಿಗೆ ಇಳದೈತಿ. ಮೊದಲನೇ ದಿನ ಬಂದಿದ್ರ ಈ ಕೂಸು ಉಳೀತಿತ್ತು” ಎಂದಳು. ನಾನು ಅವಳನ್ನೂ ತಕ್ಷಣ ನಂಬಲಿಲ್ಲ. ಇನ್ನಿಬ್ಬರು ಹಲ್ಲವ್ವಂದಿರಿಗೆ ತೋರಿಸಿದೆ, ಅವರೂ ಅದನ್ನೇ ಹೇಳಿದರು. ಅಯ್ಯೋ ದಾಕ್ಷಾಯಣಿ, ಒಂದೂವರೆ ನೂರು ವರ್ಷ ನಾವು ತಪ್ಪು ಕೈಯನ್ನು ಸಂಶಯಪಟ್ಟೆವು!

ನೀನು ನನ್ನನ್ನೂ ಸಂಶಯಪಡು, ನಾನಾಗಿದ್ದರೂ ಪಡುತ್ತಿದ್ದೆ. ಮೊಬೈಲಿನ ಟಾರ್ಚ್ ಹಾಕಿ ಇಂಚರಳ ಬಾಯಿ ತೆರೆಸು. ಎಡಗಡೆ, ಕೆಳಗೆ. ಕರೀ ತೂತು, ಪಕ್ಕದ ವಸಡಿನಲ್ಲಿ ಸಾಸಿವೆಯಂಥ ಗುಳ್ಳೆ ಇಲ್ಲದಿದ್ದರೆ ಈ ಕಾಗದವನ್ನು ಒಲೆಗೆ ಹಾಕು. ಇದ್ದರೆ ಅತ್ತೆಯ ಮಾತು ಕೇಳಬೇಡ, ಇಂಗು ಲವಂಗ ಎನ್ನುತ್ತ ಕೂರಬೇಡ. ಹಾಲುಹಲ್ಲಿಗೂ ಬೇರಿದೆ, ಬೇರಿನ ಕೆಳಗೆ ನಿನ್ನ ಮಗಳಿದ್ದಾಳೆ. ನಾಳೆ ಎನ್ನದೆ ಇವತ್ತೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗು. ಹಲ್ಲು ಉಳಿಸುವುದೋ ಕೀಳುವುದೋ ಅವರೇ ನೋಡಿ ಹೇಳಲಿ. ನಂಬಿಕೆ ಬರದಿದ್ದರೆ ದೀಪ ಹಿಡಿದು ಪಕ್ಕದಲ್ಲಿ ಕೂರುತ್ತೇನೆ ಎಂದು ಕೇಳು. ಆದರೆ ಹೋಗು.

ಕೊನೆಗೆ ಒಂದೇ ಬೇಡಿಕೆ. ಆ ಹಲ್ಲು ಇವತ್ತು ಡಾಕ್ಟರ ಕೈಯಿಂದ ಬರಲಿ, ಹನ್ನೊಂದನೇ ವಯಸ್ಸಿಗೆ ತಾನಾಗಿ ಉದುರಲಿ, ಭರಣಿಗೆ ಮಾತ್ರ ಹಾಕಬೇಡ. ಇಂಚರಳ ಕೈಯಿಂದಲೇ ಮಾಳಿಗೆಗೆ ಎಸೆಯಿಸು. ಅವಳಿಗೆ ನನ್ನದೊಂದು ಮುತ್ತು ಕೊಡು. ಬಲಗೆನ್ನೆಗೆ ಕೊಡು, ಎಡಗೆನ್ನೆ ನೋಯುತ್ತಿದೆ.

ಭರಣಿ ನನ್ನ ಎದುರಿಗೇ ಇದೆ. ಈಗಷ್ಟೇ ಅಲುಗಾಡಿಸಿದೆ, ಒಳಗೆ ಹಲ್ಲು ಗಲಗಲ ಎಂದಿತು. ಕಾಗದ ಹಾಕಿ ಬಂದು ಇನ್ನೊಮ್ಮೆ ಅಲುಗಾಡಿಸುತ್ತೇನೆ. ಸದ್ದು ಬರದಿದ್ದರೆ ಸಾಕು.

ನಿನ್ನ ಮಗನ ಮರಿಮಗಳು,
ನೀಲಗಂಗಾ