ಬಾವಿಯ ದಾರಿ, ಜಡ್ಜರ ಹೆಸರು

ಕಾಪು, ೧೧ ಜುಲೈ ೧೯೭೮, ಮಂಗಳವಾರ

ಪಕ್ಕದ ಮನೆಯ ಲಿಯೋನೆಲ್‌ನ ಅಪ್ಪ ನಮ್ಮ ಬಾವಿಯ ದಾರಿ ಮುಚ್ಚಿದ ಕೇಸು ಹೈಕೋರ್ಟಿನಲ್ಲಿ ಮುಸ್ಲಿಂ ಜಡ್ಜರ ಮುಂದೆ ಬಂದಿದೆ. ಶಾಲೆ ಬಿಟ್ಟ ನಾನೇ ವಕೀಲರ ಕಾಗದ ಓದಿ ಹೇಳಿದೆ. ಉಮ್ಮ ಚಹಾಕ್ಕೆ ಸಕ್ಕರೆ ಹೆಚ್ಚು ಹಾಕಿದರು.

ಸಂಜೆ ಬೇಲಿಯಾಚೆ ಲಿಯೋನೆಲ್ ನಿಂತಿದ್ದ.

"ಖುಷಿ ಆಯ್ತಾ ಇದ್ರೀಸ್?"

"ಆಯ್ತು."

"ಜಡ್ಜ್ ನಮ್ಮವರಾಗಿದ್ದರೆ ನನಗೂ ಆಗ್ತಿತ್ತು ಮಾರಾಯ. ಆದರೆ ಈಗ ನೀವು ಗೆದ್ದರೆ, ನ್ಯಾಯದಲ್ಲಿ ಗೆದ್ದದ್ದು ಅಂತ ಪಪ್ಪ ಸಾಯುವವರೆಗೂ ನಂಬುವುದಿಲ್ಲ."

ದಾರಿ ಮುಚ್ಚಿದ್ದು ತಪ್ಪೇ. ಆದರೂ ಆ ಮಾತು ಮನಸ್ಸಿನಿಂದ ಹೋಗುತ್ತಿಲ್ಲ. ಕಣ್ಣು ಮುಚ್ಚಿದರೆ ಕರಿ ಗೌನಿನವರೊಬ್ಬರು ಬರಿಗಾಲಲ್ಲಿ ಅದೇ ದಾರಿಯಲ್ಲಿ ಬಂದು ನೀರು ಕೇಳುತ್ತಾರೆ. ಹೆಸರು ಕೇಳಬಾರದು ಎಂದುಕೊಂಡೇ ಕೊಡಪಾನ ಎತ್ತುತ್ತೇನೆ. ಪ್ರತಿ ಸಲವೂ ನೀರು ಕೊಡುವ ಮೊದಲೇ ಕೇಳಿಬಿಡುತ್ತೇನೆ.