ಕೆಂಪಾಗದ ಇಡ್ಲಿ ಪಾತ್ರೆ

೧೪-೮-೮೪, ಮಂಗಳವಾರ. ರಾಜಾಜಿನಗರ.

ವೆಲ್ಡಿಂಗ್ ಮಹಾಪಂಡಿತ ಬೆಟ್ಟಯ್ಯನವರಿಗೆ ನನ್ನ ಹೃತ್ಪೂರ್ವಕ ಶಾಪ! ನನ್ನ ಹೆಂಡತಿ ಸತ್ಯವತಿಗೆ ಅವಳಮ್ಮ ಬಿಟ್ಟುಹೋದ ಒಂದೇ ವಸ್ತು ಆ ಅಲ್ಯೂಮಿನಿಯಂ ಇಡ್ಲಿ ಪಾತ್ರೆ. ಅದರ ಹಿಡಿ ಕಿತ್ತುಬಂದಿತ್ತು, ಬೆಸುಗೆಗೆಂದು ಇವನ ಅಂಗಡಿಗೆ ಒಯ್ದೆ. ಹಿಡಿ ಎರಕದ್ದು, ಪಾತ್ರೆ ತೆಳು ತಗಡಿನದು, ಎರಡೂ ಒಂದೇ ಹದಕ್ಕೆ ಕರಗುವುದಿಲ್ಲ, ಹುಷಾರು ಎಂದೆ.

"ನಂಗೇ ಹೇಳ್ಕೊಡ್ತೀರಾ ಸಾರ್?" ಎಂದ ಮಹಾನುಭಾವ, ಕಬ್ಬಿಣದಂತೆ ಕೆಂಪಾಗಲಿ ಎಂದು ಬೆಂಕಿ ಹಿಡಿದೇ ನಿಂತ. ಅಲ್ಯೂಮಿನಿಯಂ ಎಲ್ಲಾದರೂ ಕೆಂಪಾಗುತ್ತದೆಯೇ? ಪಾತ್ರೆ ಇದ್ದಕ್ಕಿದ್ದಂತೆ ಕರಗಿ ಕುಸಿಯಿತು.

"ಕೆಂಪಾಗ್ದೇನೇ ಕರಗೋಯ್ತಲ್ಲ ಸಾರ್, ಪಾತ್ರೇನೇ ಮೋಸ ಮಾಡ್ತು!" ಅಂತೆ!

ಉಳಿದ ಹಿಡಿಯನ್ನು ಮನೆಗೆ ತಂದೆ. ಸತ್ಯವತಿ ರೇಗುತ್ತಾಳೆ, ಇಬ್ಬರೂ ಸೇರಿ ಅವನನ್ನು ಬೈಯೋಣ ಎಂದು ಕಾದೆ. ಅವಳ ಮುಖವೂ ಕೆಂಪಾಗಲಿಲ್ಲ. ಹಿಡಿಯನ್ನು ಸೆರಗಿನಿಂದ ಒರೆಸುತ್ತಲೇ ಅಳತೊಡಗಿದಳು. ನಾಳೆ ಆ ಬೆಟ್ಟಯ್ಯನನ್ನು...